ಮೂರು ಹನ್ನೆರಡರ ಕರೆ

ತೋಳಿಗೆ ಬಿಲ್ಲೆ ಬರುವುದಕ್ಕೆ ಮೊದಲು ನಾನು ಸ್ಕೂಟರಿಗೆ ಬೀಗ ಹಾಕಿದರೆ ಮೂರು ಸಲ ಹ್ಯಾಂಡಲ್ ತಿರುಗಿಸಿ ನೋಡುತ್ತಿದ್ದೆ. ಡ್ಯೂಟಿಗೆ ಬಂದ ಮೇಲೆ ಮನೆಗೆ ಫೋನ್ ಮಾಡಿ, ಗ್ಯಾಸ್ ಬಂದ್ ಆಗಿದೆಯೇ ನೋಡಿ ಎಂದು ಅತ್ತೆಗೆ ಹೇಳುತ್ತಿದ್ದೆ. ಆಗಿದೆ ಎಂದು ಅವರು ಹೇಳಿದರೂ, ನಿಜವಾಗಿ ಎದ್ದು ಹೋಗಿ ನೋಡಿದರೋ ಕುಳಿತಲ್ಲೇ ಹೇಳಿದರೋ ಎಂದು ಮತ್ತೊಮ್ಮೆ ಫೋನ್ ಮಾಡುತ್ತಿದ್ದೆ. ನನ್ನ ಗಂಡ ಮೌನೇಶ ಬಡಿಗ. ಒಮ್ಮೆ ಅಳೆದು, ಗೆರೆ ಎಳೆದು, ಕೊಯ್ದು ಮುಗಿಸುವ ಮನುಷ್ಯ. ನಾನು ಬಡಿಗತನಕ್ಕೆ ಬಂದಿದ್ದರೆ ಒಂದು ಬಾಗಿಲಿಗೆ ಒಂದು ವರ್ಷ ಹಿಡಿಯುತ್ತಿತ್ತು ಎಂದು ಚೇಷ್ಟೆ ಮಾಡುತ್ತಿದ್ದ.

ನಾನು ಕೆಲಸ ಮಾಡುತ್ತಿದ್ದದ್ದು ಮುದ್ದನಗಡ್ಡಿ ಬ್ಯಾರೇಜಿನ ನಿಯಂತ್ರಣ ಕೊಠಡಿಯಲ್ಲಿ. ಹೊಳೆಗೆ ಅಡ್ಡಲಾಗಿ ಮೂವತ್ತು ಗೇಟುಗಳು. ಎತ್ತುವುದು, ಇಳಿಸುವುದು ಕಂಪ್ಯೂಟರಿನ ಕೆಲಸ. ಎಷ್ಟು ಎತ್ತಬೇಕೆಂದು ಅದಕ್ಕೆ ಹೇಳುವುದು, ಹೇಳಿದಷ್ಟು ಎತ್ತಿದೆಯೇ ಎಂದು ನೋಡುವುದು ನಮ್ಮ ಕೆಲಸ. ಒಂದನ್ನು ಮಾತ್ರ ಕಂಪ್ಯೂಟರಿಗೆ ಕೊಟ್ಟಿರಲಿಲ್ಲ. ಗೇಟು ಎತ್ತುವ ಮೊದಲು ಕೆಳಗಿನ ನಾಲ್ಕು ಹರಿಗೋಲು ದಂಡೆಗಳಿಗೆ ಫೋನ್ ಮಾಡಿ ಮನುಷ್ಯರೇ ಹೇಳಬೇಕಿತ್ತು. ಮೊದಲೆಲ್ಲ ರೆಕಾರ್ಡ್ ಮಾಡಿದ ಧ್ವನಿ ಹೋಗುತ್ತಿತ್ತಂತೆ. ಜನ ಅದನ್ನು ಜಾಹೀರಾತಿನ ಕರೆಯ ಹಾಗೆ ಅರ್ಧಕ್ಕೇ ಇಟ್ಟುಬಿಡುತ್ತಿದ್ದರಂತೆ. ಆದ್ದರಿಂದ ಹೊಸ ನಿಯಮ ಬಂತು. ಎಷ್ಟು ಗೇಟು, ಎಷ್ಟು ಕ್ಯೂಸೆಕ್, ಎಷ್ಟು ಹೊತ್ತಿಗೆ ನೀರು ಮುಟ್ಟುತ್ತದೆ ಎಂದು ನಾವು ಹೇಳಬೇಕು. ಆ ಕಡೆಯವರು ಅದನ್ನೇ ತಿರುಗಿ ಹೇಳಬೇಕು. ಹಾಗೆ ತಿರುಗಿ ಹೇಳುವುದಕ್ಕೆ ಮಾರುತ್ತರ ಎನ್ನುತ್ತಿದ್ದೆವು. ಮಾರುತ್ತರ ಬಂದ ಮೇಲೆ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು.

ಈ ಕೊನೆಯದನ್ನು ನಮ್ಮಲ್ಲಿ ಯಾರೂ ನಿಯಮದ ಪ್ರಕಾರ ಮಾಡುತ್ತಿರಲಿಲ್ಲ. ಗೇಟು ಏಳಲು ಶುರುವಾದರೆ ಐದೈದು ನಿಮಿಷಕ್ಕೆ ಮೂವತ್ತು ಗೇಟುಗಳ ಎತ್ತರ ಬರೆಯಬೇಕು, ಆಗ ಪೆನ್ನು ಬೇರೆ ಕಡೆ ಹೋಗುವುದಿಲ್ಲ. ಹಾಗಾಗಿ ಫೋನ್ ಎತ್ತುವ ಮೊದಲೇ ನಾಲ್ಕೂ ದಂಡೆಗಳ ಸಾಲನ್ನು ಒಟ್ಟಿಗೆ ಬರೆದುಬಿಡುತ್ತಿದ್ದೆವು: ಮಾಹಿತಿ ನೀಡಲಾಗಿದೆ, ಮಾರುತ್ತರ ಪಡೆಯಲಾಗಿದೆ, ಸಹಿ. ಆಮೇಲೆ ಒಂದೊಂದೇ ಕರೆ. ನನಗೆ ಕೆಲಸ ಕಲಿಸಿದವರೂ ಹಾಗೆಯೇ ಕಲಿಸಿದ್ದರು. ಬಳ್ಳಾರಿಯಲ್ಲಿ ಸಂಜೆ ಪಾಲಿಟೆಕ್ನಿಕ್ಕಿಗೆ ಹೋಗಿ ಡಿಪ್ಲೊಮಾ ಮಾಡಿದ ನನಗೆ, ಹಗಲು ಕಾಲೇಜಿನಲ್ಲಿ ಓದಿದವರ ಪದ್ಧತಿಯನ್ನು ತಪ್ಪು ಎನ್ನುವ ಧೈರ್ಯ ಇರಲಿಲ್ಲ. ನಾನು ಮಾಡುತ್ತಿದ್ದದ್ದು ಇಷ್ಟೇ. ಒಂದೊಂದು ಮಾರುತ್ತರ ಬಂದ ಮೇಲೆ ನನ್ನ ಸಹಿಯ ಕೆಳಗೆ ಒಂದು ಸಣ್ಣ ಚುಕ್ಕೆ ಇಡುತ್ತಿದ್ದೆ. ಚುಕ್ಕೆ ಇಟ್ಟ ಮೇಲೂ, ಸರಿಯಾಗಿ ಕೇಳಿಸಿಕೊಂಡರೋ ಇಲ್ಲವೋ ಎಂದು ಒಮ್ಮೊಮ್ಮೆ ಮತ್ತೆ ಫೋನ್ ಮಾಡುತ್ತಿದ್ದೆ. ಹರಿಗೋಲಿನವರು ನನಗೆ ‘ಎರಡು ಸಲದ ಮೇಡಮ್ಮ’ ಎಂದು ಹೆಸರಿಟ್ಟಿದ್ದರು.

ಬಿಲ್ಲೆ ಬಂದದ್ದು ಹೀಗೆ. ಹೊಳೆಗೆ ಮಹಾಪೂರ ಬಂದ ಒಂದು ದಿನ ನಮ್ಮ ಆಪರೇಟರ್ ಒಬ್ಬ ಗಾಬರಿಯಿಂದ ಕೈಕಾಲು ಆಡದೆ ಕುಳಿತುಬಿಟ್ಟ. ಹದಿನಾಲ್ಕು ನಿಮಿಷ ಯಾವ ಗೇಟೂ ಏಳಲಿಲ್ಲ. ಹಿನ್ನೀರಿನ ಪಂಪ್‌ಹೌಸ್ ಮುಳುಗಿತು. ಯಂತ್ರದಲ್ಲಿ ದೋಷವಿಲ್ಲ, ದೋಷ ಮನುಷ್ಯರ ಆತಂಕದಲ್ಲಿದೆ ಎಂದು ಸಮಿತಿ ವರದಿ ಕೊಟ್ಟಿತು. ಆರು ತಿಂಗಳಲ್ಲಿ ನಮಗೆಲ್ಲ ಬಿಲ್ಲೆ ಬಂತು.

ಅದು ಎಂಟಾಣೆಯಷ್ಟು ಅಗಲ, ಎಡ ತೋಳಿನ ಒಳಭಾಗಕ್ಕೆ ಅಂಟಿಸುವುದು. ನಾಡಿ, ಬೆವರು, ಚರ್ಮದ ಶಾಖ ನೋಡುತ್ತಿರುತ್ತದೆ. ಆತಂಕ ಏರತೊಡಗಿದರೆ, ಅದು ನಮಗೆ ಗೊತ್ತಾಗುವ ಮೊದಲೇ, ಔಷಧಿಯ ಒಂದು ಕಣವನ್ನು ಒಳಗೆ ಬಿಡುತ್ತದೆ. ಹತ್ತು ಸೆಕೆಂಡಿನಲ್ಲಿ ಮನಸ್ಸು ಹಗುರ. ಆತಂಕಕ್ಕೆ ಡಾಕ್ಟರು ಕೊಡುವ ಹಳೆಯ ಮಾತ್ರೆಗಳ ಜಾತಿಯದೇ ಔಷಧಿ, ಆದರೆ ಅದರಲ್ಲಿದ್ದ ನಿದ್ದೆ ಬರಿಸುವ ಗುಣವನ್ನು ತೆಗೆದಿದ್ದರು. ದಿನವೂ ಕಿತ್ತು ಅಂಟಿಸುವಂತಿಲ್ಲ, ಹಾಗಾಗಿ ಮನೆಯಲ್ಲೂ ತೋಳಿನ ಮೇಲೇ ಇರುತ್ತಿತ್ತು.

ನನಗೆ ಅದು ಒಳ್ಳೆಯದನ್ನೇ ಮಾಡಿತು, ಇದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಮೊದಲ ವಾರ ನಾನು ಸ್ಕೂಟರ್ ನಿಲ್ಲಿಸಿ ತಿರುಗಿ ನೋಡದೆ ನಡೆದುಹೋದೆ. ಊಟದ ರುಚಿ ಗೊತ್ತಾಯಿತು. ಮೌನೇಶನ ಜೊತೆ ಕುಳಿತು ಒಂದು ಸಿನಿಮಾವನ್ನು ಕೊನೆಯ ತನಕ ನೋಡಿದೆ. ಮಧ್ಯಾಹ್ನ ನನ್ನ ಫೋನ್ ಬರದೆ ಹೋದದ್ದು ಅತ್ತೆಗೆ ಮಾತ್ರ ಹಿಡಿಸಲಿಲ್ಲ. ಗ್ಯಾಸ್ ನೆಪದಲ್ಲಿ ಮಾತಾದರೂ ಆಡುತ್ತಿದ್ದಳು ಎಂದು ನೆರೆಯವರ ಮುಂದೆ ಹೇಳಿದರಂತೆ.

ಮರೆವು ಆಗಲೇ ಇತ್ತು, ಆದರೆ ಅದನ್ನು ನಾವು ಮರೆವು ಎಂದು ತಿಳಿಯಲಿಲ್ಲ. ನನ್ನ ಜೊತೆ ಪಾಳಿ ಮಾಡುತ್ತಿದ್ದ ಬಂದೇನವಾಜ ಒಂದೇ ನಗೆಮಾತನ್ನು ಒಂದೇ ಪಾಳಿಯಲ್ಲಿ ಎರಡು ಸಲ ಹೇಳುತ್ತಿದ್ದ, ನಾವು ಎರಡು ಸಲವೂ ನಗುತ್ತಿದ್ದೆವು. ಕ್ಯಾಂಟೀನಿನವನು ಚಹಾ ತಂದಿಟ್ಟು ಹೋದ ಮೇಲೆ ಮತ್ತೊಮ್ಮೆ ಚಹಾ ತರಲು ಫೋನ್ ಹೋಗುತ್ತಿತ್ತು. ನಿಯಂತ್ರಣ ಕೊಠಡಿಯವರಿಗೆ ಎರಡು ಹೊಟ್ಟೆ ಎಂದು ಅವನು ಆಡಿಕೊಳ್ಳುತ್ತಿದ್ದ. ಮನೆಯಲ್ಲಿ ಒಂದು ದಿನ ಅತ್ತೆಗೆ ಸಕ್ಕರೆ ಕಾಯಿಲೆಯ ಗುಳಿಗೆ ಕೊಡಲು ಹೋದೆ. ಅವರು ನನ್ನ ಕೈ ಹಿಡಿದುಕೊಂಡರು.

“ಈಗ ತಾನ ಕೊಟ್ಟಿಯಲ್ಲವ್ವಾ. ನನ್ನ ಕಳಿಸಾಕ ಅಷ್ಟ್ಯಾಕ ಅವಸರ ಮಾಡ್ತಿ?”

ಇಬ್ಬರೂ ನಕ್ಕೆವು. ಬಿಲ್ಲೆ ಇಲ್ಲದಿದ್ದರೆ ನಾನು ಆ ದಿನವಿಡೀ ಅದನ್ನೇ ಯೋಚಿಸುತ್ತಿದ್ದೆ. ಇದ್ದದ್ದರಿಂದ ಯೋಚಿಸಲಿಲ್ಲ.

ಬಿಲ್ಲೆ ಬಂದು ಎರಡು ವರ್ಷವಾಗಿದ್ದ ಆ ಸೆಪ್ಟೆಂಬರ್ ಹದಿನೇಳರ ಬಗ್ಗೆ ಬರೆಯುವಾಗ ನನಗೆ ನೆನಪಿರುವುದು ಯಾವುದು, ಕಾಗದದಲ್ಲಿರುವುದು ಯಾವುದು ಎಂದು ಬೇರೆ ಮಾಡಿ ಹೇಳಬೇಕು. ಬಿಸಿಲಿತ್ತು, ಅದು ನೆನಪಿದೆ. ಮೂರು ಗಂಟೆ ಐದು ನಿಮಿಷಕ್ಕೆ ಮೇಲಿನ ಅಣೆಕಟ್ಟೆಯಿಂದ ಸಂದೇಶ ಬಂತು. ಘಟ್ಟದ ಕಡೆ ಮಳೆಯಾಗಿ ಅವರು ನೀರು ಬಿಟ್ಟಿದ್ದರು, ನಾವು ಮೂರು ಇಪ್ಪತ್ತಕ್ಕೆ ಹನ್ನೆರಡು ಗೇಟು ಎತ್ತಬೇಕಿತ್ತು. ರಿಜಿಸ್ಟರಿನಲ್ಲಿ ನಾಲ್ಕು ಸಾಲು ಬರೆದೆ. ಮೊದಲ ಮೂರು ದಂಡೆಗಳಿಗೆ ಫೋನ್ ಮಾಡಿದ್ದು ನೆನಪಿದೆ. ಮೂರನೆಯವನು ಕೆಮ್ಮುತ್ತಾ ಮಾರುತ್ತರ ಕೊಟ್ಟದ್ದೂ ನೆನಪಿದೆ.

ನಾಲ್ಕನೆಯದು ಹಂಚಿನಗಡ್ಡಿ. ಬ್ಯಾರೇಜಿನಿಂದ ಆರು ಕಿಲೋಮೀಟರು ಕೆಳಗೆ ಹೊಳೆ ಎರಡಾಗಿ ಒಡೆದು ನಡುವೆ ಒಂದು ಗಡ್ಡಿ, ಅಂದರೆ ನಡುಗಡ್ಡೆ, ಬಿಟ್ಟಿದೆ. ಆ ಗಡ್ಡಿಯ ಮೇಲೆ ಎಪ್ಪತ್ತು ಮನೆಗಳ ಊರು. ನಮ್ಮ ಸೈರನ್ ನಾಲ್ಕು ಕಿಲೋಮೀಟರಿಗಿಂತ ಆಚೆ ಕೇಳಿಸುವುದಿಲ್ಲ, ಹೊಳೆಯ ತಗ್ಗಿನಲ್ಲಿ ಮೊಬೈಲ್ ಹತ್ತುವುದಿಲ್ಲ. ಈಚೆ ದಂಡೆಯ ಗುಡಿಸಲಿನಲ್ಲಿ ನಮ್ಮ ಇಲಾಖೆಯ ಒಂದು ತಂತಿ ಫೋನು ಇತ್ತು. ಅದಕ್ಕೆ ಕರೆ ಬರುತ್ತದೆ, ಅದರಿಂದ ಕರೆ ಹೋಗುವುದಿಲ್ಲ. ಆ ಫೋನಿನ ಹೊಣೆ ಅಂಬಿಗರ ಹುಸೇನಪ್ಪನದು, ಹರಿಗೋಲೂ ಅವನದೇ.

ಎಕ್ಸ್‌ಚೇಂಜಿನ ಯಂತ್ರದ ಪ್ರಕಾರ ಹಂಚಿನಗಡ್ಡಿಗೆ ನನ್ನ ಕರೆ ಮೂರು ಹನ್ನೆರಡಕ್ಕೆ ಹೋಗಿದೆ, ಆ ಕಡೆ ಎತ್ತಿದ್ದಾರೆ, ಐವತ್ತು ಸೆಕೆಂಡಿಗೆ ನಾನು ಇಟ್ಟಿದ್ದೇನೆ. ಏನು ಮಾತಾಯಿತು ಎಂಬ ದಾಖಲೆ ಇಲ್ಲ. ಅದೇ ಹೊತ್ತಿಗೆ, ಎತ್ತುವ ಮುಂಚಿನ ತಪಾಸಣೆಯಲ್ಲಿ, ಹದಿನಾಲ್ಕನೇ ಗೇಟು ಸಿಕ್ಕಿಕೊಂಡಿದೆ ಎಂದು ಅಲಾರಾಂ ಹೊಡೆದಿದೆ. ಆಮೇಲೆ ನನಗೆ ನೆನಪಿರುವುದು, ನಾನೂ ಬಂದೇನವಾಜನೂ ಹದಿನಾಲ್ಕರ ಪರದೆಯ ಮುಂದೆ ಸಮಾಧಾನವಾಗಿ ನಿಂತಿದ್ದದ್ದು. ಗೇಟು ಸರಿಹೋಯಿತು. ಮೇಜಿಗೆ ಬಂದು ರಿಜಿಸ್ಟರ್ ನೋಡಿದೆ. ನಾಲ್ಕೂ ಸಾಲು ತುಂಬಿತ್ತು, ನಾಲ್ಕೂ ನನ್ನ ಸಹಿ. ಮೂರು ಇಪ್ಪತ್ತಕ್ಕೆ ಗೇಟು ಎತ್ತಿದೆವು.

ನೀರು ಹಂಚಿನಗಡ್ಡಿ ಮುಟ್ಟಿದಾಗ ಹರಿಗೋಲು ಹೊಳೆಯ ನಡುವೆ ಇತ್ತು. ನಾಲ್ವರು ಹೆಂಗಸರು. ಮೂವರು ಬಂಡೆಗೆ ಸಿಕ್ಕಿ ಉಳಿದರು. ಹುಸೇನಪ್ಪನ ತಮ್ಮನ ಹೆಂಡತಿ ದುರುಗಮ್ಮ ಉಳಿಯಲಿಲ್ಲ.

ಪೊಲೀಸರು ಹುಸೇನಪ್ಪನ ಮೇಲೆ ಕೇಸು ಮಾಡಿದರು. ಎಚ್ಚರಿಕೆ ಬಂದಿದ್ದರೂ ಹರಿಗೋಲು ಹೋಗಲು ಬಿಟ್ಟ ಎಂಬುದು ಆರೋಪ. ಕರೆ ಎತ್ತಿದ್ದಾನೆ ಎಂದು ಯಂತ್ರ ಹೇಳುತ್ತಿತ್ತು, ಮಾಹಿತಿ ಕೊಟ್ಟಿದೆ ಎಂದು ನನ್ನ ಅಕ್ಷರ ಹೇಳುತ್ತಿತ್ತು. ಅವನು ಮಾತ್ರ, ಫೋನ್ ಬಂದದ್ದು ಹೌದು, ಗೇಟಿನ ಮಾತು ಬರಲಿಲ್ಲ ಎನ್ನುತ್ತಿದ್ದ. ಅವನ ತಮ್ಮ ಅವನ ಜೊತೆ ಮಾತು ಬಿಟ್ಟನಂತೆ. ಇದನ್ನು ಕೇಳಿದಾಗ ನನಗೆ ಬೇಸರವಾಯಿತು, ಅನುಮಾನವಾಗಲಿಲ್ಲ. ಪಾಪ, ಶಿಕ್ಷೆ ತಪ್ಪಿಸಿಕೊಳ್ಳಲು ಹೀಗೆ ಹೇಳುತ್ತಿದ್ದಾನೆ ಎಂದುಕೊಂಡೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಅಪಘಾತವಾದರೆ ಆ ಪಾಳಿಯವರನ್ನು ವಿಚಾರಣೆ ಮುಗಿಯುವ ತನಕ ಡ್ಯೂಟಿಯಿಂದ ಇಳಿಸುತ್ತಾರೆ. ಡ್ಯೂಟಿಯಲ್ಲಿ ಇಲ್ಲದವರಿಗೆ ಬಿಲ್ಲೆ ಇಲ್ಲ. ಆದರೆ ಒಮ್ಮೆಲೇ ಕೀಳುವಂತಿಲ್ಲ, ಎಂಟು ದಿನ ಪ್ರಮಾಣ ಇಳಿಸುತ್ತಾ ತೆಗೆಯಬೇಕು. ಆ ಕೆಲಸ ಡಾಕ್ಟರ್ ವಿಭಾವರಿ ಕುಲಕರ್ಣಿ ಅವರದು. ಮೂರು ತಿಂಗಳಿಗೊಮ್ಮೆ ನಮ್ಮ ರಕ್ತ ಪರೀಕ್ಷೆಗೆ ಕಾಲೊನಿಯ ದವಾಖಾನೆಗೆ ಬರುತ್ತಿದ್ದರು. ಈ ಸಲ ದಿನಬಿಟ್ಟು ದಿನ ಬಂದರು.

ಮೂರನೆಯ ದಿನಕ್ಕೆ ನನ್ನ ಹಳೆಯ ರೋಗ ವಾಪಸು ಬರತೊಡಗಿತು. ಬೆಳಿಗ್ಗೆ ಗ್ಯಾಸ್ ಎರಡು ಸಲ ನೋಡಿದೆ. ಮೂರನೆಯ ಸಲ ನೋಡಲು ಹೊರಟಾಗ, ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಹಂಚಿನಗಡ್ಡಿಯ ಮಾರುತ್ತರದ ಧ್ವನಿ ನನ್ನ ಕಿವಿಯಲ್ಲಿ ಇಲ್ಲ. ಮೂರನೆಯವನ ಕೆಮ್ಮು ಇದೆ, ಹುಸೇನಪ್ಪನ ಧ್ವನಿ ಇಲ್ಲ. ಒಂದು ಸಲ ಹೀಗೆ ಅನ್ನಿಸಿದ್ದೇ ತಡ, ಆ ದಿನ ಅನ್ನಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದರಿಂದ ಹಿಡಿದು ಎರಡು ವರ್ಷದಲ್ಲಿ ಎತ್ತಿದ ಎಲ್ಲ ಗೇಟುಗಳ ತನಕ ಅನುಮಾನ ಹಬ್ಬಿತು.

ಅತ್ತೆ ನನ್ನನ್ನು ಕೂಡಿಸಿ ನೀರು ಕೊಟ್ಟರು. ನಾನು ಅಳುತ್ತಾ ಎಲ್ಲ ಹೇಳಿದೆ. ಅವರು, ಬಿಲ್ಲೆ ಹಾಕಿದ ಮೇಲೆ ನಾನು ಅವರಿಗೆ ಒಂದೇ ದಿನ ಎರಡು ಸಲ ಗುಳಿಗೆ ಕೊಡಲು ಬಂದದ್ದು ಏಳು ಸಲ ಎಂದರು. ನನಗೆ ಒಂದು ಸಲ ಮಾತ್ರ ನೆನಪಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೀ ನಕ್ಕೊಂತ ಇದ್ದಿ. ಮದಿವ್ಯಾಗಿ ಬಂದಾಗಿಂದ ನೀ ನಕ್ಕಿದ್ದ ಕಂಡಿರಲಿಲ್ಲ ನಾ. ಅದನ್ಯಾಕ ಕೆಡಸಲಿ ಅನಸ್ತು.”

ಮರುದಿನ ಡಾಕ್ಟರಿಗೆ ಹೇಳಿದೆ. ನಾನು ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದ್ದೇನೆ ಎಂದು ಅವರು ತಿಳಿದಾರೆಂದು ಹೆದರಿದ್ದೆ. ಅವರು ಬಿಲ್ಲೆಯ ಜೊತೆ ಬಂದ ಪುಸ್ತಿಕೆ ತೆಗೆದು ಹದಿನೇಳನೆಯ ಪುಟ ತೋರಿಸಿದರು. ‘ಸೌಮ್ಯ, ತಾತ್ಕಾಲಿಕ ಮರೆವು ಕಾಣಿಸಬಹುದು’ ಎಂದು ಒಂದು ಸಾಲು ಇತ್ತು. ಇಷ್ಟು ದಿನ ಯಾರೂ ದೂರಲಿಲ್ಲವೇ ಎಂದು ಕೇಳಿದ್ದಕ್ಕೆ, ಮರೆತವರಿಗೆ ಮರೆತದ್ದೇ ಗೊತ್ತಿರುವುದಿಲ್ಲ, ದೂರು ಯಾರು ಕೊಡುತ್ತಾರೆ ಎಂದರು.

ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಈ ಔಷಧಿ ಇರುವ ನೆನಪನ್ನು ಅಳಿಸುವುದಿಲ್ಲ, ಹೊಸದನ್ನು ಕೂರಲು ಬಿಡುವುದಿಲ್ಲ. ಕಂಡದ್ದು, ಕೇಳಿದ್ದು ಮೊದಲು ಮಿದುಳಿನಲ್ಲಿ ಸ್ವಲ್ಪ ಹೊತ್ತು ತಾತ್ಕಾಲಿಕವಾಗಿ ನಿಲ್ಲುತ್ತದೆ. ಅಲ್ಲಿಂದ ಗಟ್ಟಿಯಾದ ಜಾಗಕ್ಕೆ ಅದನ್ನು ದಾಟಿಸಬೇಕು. ಗಾಬರಿಯನ್ನು ತಣಿಸುವ ಔಷಧಿ ಈ ದಾಟಿಸುವ ಕೆಲಸವನ್ನೂ ತಣಿಸಿಬಿಡುತ್ತದೆ. ಮನುಷ್ಯ ಎಚ್ಚರವಾಗಿಯೇ ಇರುತ್ತಾನೆ, ಮಾತಾಡುತ್ತಾನೆ, ಕಲಿತ ಕೆಲಸವನ್ನು ಕೈ ತಪ್ಪದೆ ಮಾಡುತ್ತದೆ. ಆ ಕೆಲವು ನಿಮಿಷ ಮಾತ್ರ ಅವನಲ್ಲಿ ಉಳಿಯುವುದಿಲ್ಲ. ಹಳೆಯ ಮಾತ್ರೆಗಳಲ್ಲಿ ಇದರ ಜೊತೆ ತೂಕಡಿಕೆಯೂ ಬರುತ್ತಿತ್ತು, ಅದನ್ನು ನೋಡಿ ಸುತ್ತಲಿನವರು ಹುಷಾರಾಗುತ್ತಿದ್ದರು. ಬಿಲ್ಲೆಯಲ್ಲಿ ಆ ಗುರುತು ಇಲ್ಲ. ಆತಂಕದ ಕಾಯಿಲೆಯಿಂದ ನರಳುವವರಿಗೆ ಇದು ದೊಡ್ಡ ಉಪಕಾರ, ಅಂಥವರು ತಮ್ಮ ಬಳಿಗೇ ಬರುತ್ತಾರೆ, ಅವರು ಇದನ್ನು ಬಿಡಬಾರದು ಎಂದೂ ಹೇಳಿದರು. ಯಾರ ಕೈಯಲ್ಲಿ ರಿಜಿಸ್ಟರ್ ಇದೆಯೋ ಅವರ ತೋಳಿಗೆ ಅಂಟಿಸುವ ಮೊದಲು ಯಾರಾದರೂ ಯೋಚಿಸಬೇಕಿತ್ತು ಎಂದರು. ‘ಯಾರಾದರೂ’ ಎಂದ ಮೇಲೆ ‘ನಾನು’ ಎಂದು ಸೇರಿಸಿದರು.

ನನ್ನ ತೋಳಿನಲ್ಲಿ ಇನ್ನೂ ಅರ್ಧ ಪ್ರಮಾಣದ ಬಿಲ್ಲೆ ಇತ್ತು. ಅವರು ಒಂದು ಪರೀಕ್ಷೆ ಮಾಡಿದರು. ಹಾಳೆಯಲ್ಲಿ ನಾಲ್ಕು ಕೆಲಸ ಬರೆದು, ನಮ್ಮ ರಿಜಿಸ್ಟರಿನ ಹಾಗೆ ಪ್ರತಿಯೊಂದರ ಮುಂದೆ ‘ಆಯಿತು’ ಎಂದು ಮೊದಲೇ ಬರೆದು ಸಹಿ ಹಾಕಲು ಹೇಳಿದರು. ಆಮೇಲೆ ಒಂದೊಂದೇ ಮಾಡು ಎಂದರು. ನಾಲ್ಕನೆಯದು, ಮೇಜಿನ ಮೇಲಿನ ಕೀಲಿಯನ್ನು ಖಾನೆಯಲ್ಲಿ ಹಾಕುವುದು. ಹತ್ತು ನಿಮಿಷದ ನಂತರ ಕೇಳಿದರು, ನಾಲ್ಕೂ ಆಯಿತೇ? ಹಾಳೆ ನೋಡಿ ಆಯಿತು ಎಂದೆ. ಅಂಗೈ ಬಿಡಿಸು ಎಂದರು. ಕೀಲಿ ನನ್ನ ಎಡಗೈಯಲ್ಲಿತ್ತು. ನಡುವೆ ಅವರು ಜೋರಾಗಿ ಒಂದು ಗಂಟೆ ಬಾರಿಸಿದ್ದರಂತೆ, ನಾನು ಬೆಚ್ಚಿ ಎದ್ದು ನಿಂತಿದ್ದೆನಂತೆ. ನನಗೆ ಗಂಟೆಯೂ ನೆನಪಿರಲಿಲ್ಲ.

ಬಿಲ್ಲೆ ಎಷ್ಟು ಹೊತ್ತಿಗೆ ಔಷಧಿ ಬಿಟ್ಟಿತು ಎಂಬುದು ಅದರೊಳಗೇ ದಾಖಲಾಗುತ್ತದೆ. ಯಾರೂ ಅದನ್ನು ಕೇಳಿರಲಿಲ್ಲ. ಡಾಕ್ಟರು ತಮ್ಮ ಯಂತ್ರದಲ್ಲಿ ಓದಿ ಮುದ್ರಿಸಿ ಕೊಟ್ಟರು. ಸೆಪ್ಟೆಂಬರ್ ಹದಿನೇಳು, ಮೂರು ಗಂಟೆ ಹನ್ನೆರಡು ನಿಮಿಷ ಹತ್ತೊಂಬತ್ತು ಸೆಕೆಂಡು. ಕರೆ ಶುರುವಾಗಿ ಹತ್ತೊಂಬತ್ತು ಸೆಕೆಂಡಾಗಿತ್ತು. ಅಷ್ಟರಲ್ಲಿ ಹೆಸರು ಹೇಳಿ ಮುಗಿಯುತ್ತದೆ, ಮಾರುತ್ತರ ಆಗುವುದಿಲ್ಲ.

ಬಿಲ್ಲೆ ಪೂರ್ತಿ ತೆಗೆದು ಎರಡು ವಾರವಾಗಿತ್ತು, ವಿಚಾರಣೆಗೆ ನಾಲ್ಕು ದಿನ ಇತ್ತು. ಎಂಜಿನಿಯರ್ ಜಹಗೀರದಾರ ಸಾಹೇಬರು ಮನೆಗೇ ಬಂದರು. ಒಳ್ಳೆಯ ಮನುಷ್ಯ. ಚಹಾ ಕುಡಿದು, ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಮುದ್ರಿಸಿದ ಕಾಗದವನ್ನು ಎರಡು ಸಲ ಓದಿದರು. ಈ ರಿಜಿಸ್ಟರು ಸುಳ್ಳಾದರೆ ಎರಡು ವರ್ಷದ ಎಲ್ಲ ರಿಜಿಸ್ಟರುಗಳೂ ಸುಳ್ಳಾಗುತ್ತವೆ, ಮೊದಲೇ ಬರೆಯುವ ಪದ್ಧತಿ ಹೊರಬಿದ್ದರೆ ಹದಿನೆಂಟು ಜನರ ನೌಕರಿ ಹೋಗುತ್ತದೆ ಎಂದರು.

“ನಿಮಗ ನೆನಪಿಲ್ಲ ಅಂತೀರಿ. ಹಂಗಾದ್ರ ಹೇಳಿಲ್ಲ ಅಂತನೂ ನೆನಪಿಲ್ಲ ಅಲ್ಲೇನ್ರೀ? ರಿಜಿಸ್ಟರ್‌ನ್ಯಾಗ ಏನದ ಅಷ್ಟ ಓದ್ರಿ. ಅದು ಸುಳ್ಳಾಗೂದಿಲ್ಲ.”

ಅವರ ಮಾತಿನಲ್ಲಿ ನಿಜವಿತ್ತು, ಅದೇ ನನ್ನನ್ನು ಹಿಂಡಿತು. ಹೇಳಿಲ್ಲ ಎಂಬ ನೆನಪೂ ನನಗಿರಲಿಲ್ಲ. ಬಂದೇನವಾಜನ ಮನೆಗೆ ಹೋದೆ. ಅವನ ಬಿಲ್ಲೆಯೂ ಅದೇ ನಿಮಿಷದಲ್ಲಿ ಔಷಧಿ ಬಿಟ್ಟಿರುತ್ತದೆ, ಅವನಿಗೂ ಆ ಕರೆ ನೆನಪಿರಲಿಲ್ಲ. ಅವನು ಬಾಗಿಲಲ್ಲೇ ನಿಂತು ಮಾತಾಡಿದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬಳ ನಿಕಾಹ್ ಗೊತ್ತಾಗಿತ್ತು.

“ನೀವು ಮುಳುಗ್ತೀನಿ ಅಂದ್ರ ಮುಳುಗ್ರಿ ಅಕ್ಕಾರ. ನಮ್ಮನ್ಯಾಕ ಕಾಲು ಹಿಡಿದು ಎಳೀತೀರಿ?”

ಮನೆಗೆ ಬಂದು ಮೌನೇಶನಿಗೆ ಎಲ್ಲ ಹೇಳಿದೆ. ಅವನು ಕೆಲಸದ ಅಂಗಳದಲ್ಲಿ ಒಂದು ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದ. ನಿಲ್ಲಿಸಲಿಲ್ಲ. ನೌಕರಿ ಹೋದರೆ ಮನೆಯ ಸಾಲ ತೀರುವುದು ಹೇಗೆ ಎಂಬ ಮಾತು ಬರುತ್ತದೆಂದು ನಾನು ಕಾಯುತ್ತಿದ್ದೆ, ಬರಲಿಲ್ಲ. ಅಳತೆ ತಪ್ಪಿ ಕೊಯ್ದ ತೊಲೆಯನ್ನು ಬಣ್ಣ ಹಚ್ಚಿ ಕೊಟ್ಟರೆ ಗಿರಾಕಿಗೆ ಕಾಣುವುದಿಲ್ಲ, ಆದರೆ ಅದರ ಕೆಳಗೆ ಯಾರೋ ಮಲಗುತ್ತಾರೆ ಎಂದಷ್ಟೇ ಹೇಳಿದ.

ವಿಚಾರಣೆ ನಡೆದದ್ದು ಪ್ರವಾಸಿ ಮಂದಿರದ ಹಾಲಿನಲ್ಲಿ. ನಿವೃತ್ತ ನ್ಯಾಯಾಧೀಶೆ ಪದ್ಮಾವತಿ ಸಾವಳಗಿ ವಿಚಾರಣಾಧಿಕಾರಿ. ಹೊರಗಿನ ಬೆಂಚಿನ ಒಂದು ತುದಿಗೆ ಹುಸೇನಪ್ಪ, ಇನ್ನೊಂದು ತುದಿಗೆ ಅವನ ತಮ್ಮ. ನಡುವೆ ನಾಲ್ಕು ಜನ ಕೂರುವಷ್ಟು ಜಾಗ ಖಾಲಿ. ಐದು ವರ್ಷ ಫೋನಿನಲ್ಲಿ ಮಾತಾಡಿದ ಹುಸೇನಪ್ಪನನ್ನು ನಾನು ಕಣ್ಣಿನಿಂದ ನೋಡಿದ್ದು ಅಂದೇ. ಐವತ್ತೈದರ ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ನಮಸ್ಕಾರ್ರೀ ಎಂದ. ನಾನು ತಲೆ ತಗ್ಗಿಸಿದೆ.

ಅವನನ್ನು ಮೊದಲು ಕರೆದರು. ಗೇಟಿನ ಸುದ್ದಿ ಬಂದಿತ್ತೋ ಇಲ್ಲವೋ ಎಂದು ವಿಚಾರಣಾಧಿಕಾರಿ ಕೇಳಿದರು. ಇಲ್ಲ ಎನ್ನುತ್ತಾನೆ ಎಂದು ಎಲ್ಲರೂ ತಿಳಿದಿದ್ದೆವು. ಅವನು ಮೇಜಿನ ಮೇಲೆ ತೆರೆದಿಟ್ಟ ರಿಜಿಸ್ಟರನ್ನು ನೋಡಿದ.

“ಮೇಡಮ್ಮಾರು ಬರದಾರಂದ್ರ ಹೇಳಿರಬೇಕ್ರಿ. ಎರಡೆರಡು ಸಲ ಹೇಳೂ ಮಂದಿ ಅವ್ರು. ನಾನ ಮರ್ತೀನೇನೋ. ತಿಂಗಳಿಂದ ಕುಂತು ನೆನಿಸ್ತೀನ್ರಿ, ತಲಿ ನಿಂದರವಲ್ದು.”

ಗುಮಾಸ್ತ ಬರೆದುಕೊಂಡು ಸಹಿಗೆಂದು ಕಾಗದವನ್ನು ಅವನ ಮುಂದೆ ಸರಿಸಿದ. ಹುಸೇನಪ್ಪ ಪೆನ್ನು ಹಿಡಿದ.

ಅಲ್ಲಿಯವರೆಗೆ ನಾನು ತೀರ್ಮಾನ ಮಾಡಿರಲಿಲ್ಲ. ಮಾಡಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಚೀಲದಲ್ಲಿ ಕಾಗದ ಇತ್ತು, ತೆಗೆಯುತ್ತೇನೋ ಇಲ್ಲವೋ ಗೊತ್ತಿರಲಿಲ್ಲ. ಒಬ್ಬ ಮನುಷ್ಯ ಸರಿಯಾಗಿರುವ ತನ್ನ ನೆನಪನ್ನು ನನ್ನ ಅಕ್ಷರ ನೋಡಿ ಬಿಟ್ಟುಕೊಡುತ್ತಿದ್ದ. ನಾನು ಎದ್ದು ನಿಂತು, ಸಹಿ ಹಾಕಿಸಬೇಡಿ ಎಂದೆ.

ಆಮೇಲೆ ಒಂದು ಗಂಟೆ ಮಾತಾಡಿದೆ. ಗಾಬರಿ ತಣಿಸಲು ತೋಳಿನಲ್ಲಿ ಏನೂ ಇರಲಿಲ್ಲ. ಮೊದಲೇ ಬರೆಯುವ ಪದ್ಧತಿಯನ್ನು ಹೇಳಿದೆ. ಹಳೆಯ ರಿಜಿಸ್ಟರುಗಳನ್ನು ತರಿಸಲು ಕೇಳಿಕೊಂಡೆ. ನನ್ನ ಸಹಿಯ ಕೆಳಗಿನ ಚುಕ್ಕೆಗಳು ಬಿಲ್ಲೆ ಬಂದ ವಾರದಿಂದ ನಿಂತುಹೋಗಿದ್ದವು. ಯಾವಾಗ ಬಿಟ್ಟೆ ಎಂದು ನನಗೆ ತಿಳಿದೇ ಇರಲಿಲ್ಲ, ಹಾಳೆ ತಿರುವುವಾಗ ನಾನೂ ಅಲ್ಲಿಯೇ ನೋಡಿದ್ದು. ಮುದ್ರಿಸಿದ ಕಾಗದ ಕೊಟ್ಟೆ. ಡಾಕ್ಟರು ತಮ್ಮ ಪರೀಕ್ಷೆಯ ವಿವರ ಹೇಳಿದರು. ವಿಚಾರಣಾಧಿಕಾರಿ ನನ್ನನ್ನು ನೇರವಾಗಿ ಕೇಳಿದರು, ನೀವು ಅವರಿಗೆ ಹೇಳಲಿಲ್ಲ ಎಂದು ಪ್ರಮಾಣ ಮಾಡುತ್ತೀರಾ? ಇಲ್ಲ, ಹೇಳಿದೆ ಎಂದೂ ಮಾಡಲಾರೆ, ಆ ಐವತ್ತು ಸೆಕೆಂಡಿಗೆ ಈ ಕೋಣೆಯಲ್ಲಿ ಒಬ್ಬನೇ ಸಾಕ್ಷಿ, ಅವನನ್ನು ಕೇಳಿ ಎಂದೆ.

ನನಗೇನಾಯಿತು ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ನನ್ನನ್ನು ನಿಯಂತ್ರಣ ಕೊಠಡಿಯಿಂದ ತೆಗೆದು ಉಗ್ರಾಣಕ್ಕೆ ಹಾಕಿದರು, ಎರಡು ಬಡ್ತಿ ಹೋಯಿತು. ಬಂದೇನವಾಜನ ನೌಕರಿ ಉಳಿಯಿತು, ನಮ್ಮ ಮಾತು ಉಳಿಯಲಿಲ್ಲ. ಬಿಲ್ಲೆ ಈಗಲೂ ಇದೆ, ಆದರೆ ಔಷಧಿ ಬಿಟ್ಟಾಗ ಪರದೆಯ ಮೇಲೆ ಕೆಂಪು ದೀಪ ಹೊತ್ತುತ್ತದೆ, ಆ ಹೊತ್ತಿನ ಕೆಲಸವನ್ನು ಬಿಲ್ಲೆ ಇಲ್ಲದ ಇನ್ನೊಬ್ಬರು ಮತ್ತೆ ಮಾಡುತ್ತಾರೆ.

ಆ ದಿನ ಹುಸೇನಪ್ಪ ಹೇಳಿದ್ದನ್ನು ಮಾತ್ರ ಪೂರ್ತಿಯಾಗಿ ಬರೆಯಬೇಕು.

ಅವನನ್ನು ಮತ್ತೆ ಕರೆದಾಗ ಇಲಾಖೆಯ ವಕೀಲರು ಹೊಸದೊಂದು ಕಾಗದ ಹೊರತೆಗೆದರು. ಗೇಟು ಎದ್ದ ಮೇಲೆ, ನೀರು ಹೊರಟಿತೆಂಬ ಗುರುತಿಗೆ, ಕಂಪ್ಯೂಟರು ನಾಲ್ಕೂ ದಂಡೆಗಳ ಫೋನಿನಲ್ಲಿ ತಾನಾಗಿ ಒಂದೊಂದು ಗಂಟೆ ಬಾರಿಸುತ್ತದೆ. ಹಂಚಿನಗಡ್ಡಿಯ ಗಂಟೆ ಬಾರಿಸಿಲ್ಲ. ಮೂರು ಹನ್ನೆರಡರಿಂದ ನಲವತ್ತ್ಮೂರು ನಿಮಿಷ ಅಲ್ಲಿನ ಫೋನು ಎತ್ತಿಟ್ಟೇ ಇತ್ತು. ಮತ್ತೆ ಕರೆ ಬರಬಾರದೆಂದು ಇವನೇ ಎತ್ತಿಟ್ಟಿದ್ದಾನೆ ಎಂದು ವಕೀಲರು ವಾದಿಸಿದರು.

ವಿಚಾರಣಾಧಿಕಾರಿ ಕಾಗದವನ್ನು ಪಕ್ಕಕ್ಕಿಟ್ಟು, ರಿಜಿಸ್ಟರನ್ನೂ ಮುಚ್ಚಿದರು. ಇಲ್ಲಿ ಯಾರು ಏನು ಬರೆದಿದ್ದಾರೆ ಎಂಬುದನ್ನು ಬಿಡಿ, ನಿಮ್ಮ ಕಿವಿಗೆ ಏನು ಬಿತ್ತೋ ಅದನ್ನು ಹೇಳಿ ಎಂದರು.

“ಫೋನ್ ಬಂತ್ರಿ, ಎತ್ತಿದೆ. ‘ಹುಸೇನಪ್ಪಾ, ಶಿವಲೀಲಾ ಮಾತಾಡೂದು’ ಅಂದ್ರು. ಹೇಳ್ರಿ ಅಂದೆ. ಅಷ್ಟರಾಗ ಆ ಕಡೆ ಏನೋ ಹೊಡಕೊಳ್ಳಾಕತ್ತು. ‘ಒಂದ್ ನಿಮಿಷ ತಡಿ, ಫೋನ್ ಇಡಬ್ಯಾಡ’ ಅಂದ್ರು. ಆಮ್ಯಾಲ ಮಾತಿಲ್ರಿ. ಬರೇ ಕುಂಯ್ ಅಂತಿತ್ತು.”

ಅವನು ಗುಡಿಸಲಿನೊಳಗೆ ರಿಸೀವರನ್ನು ಕಿವಿಗೆ ಹಿಡಿದು ಕುಳಿತಿದ್ದನಂತೆ. ಸಂತೆಯಿಂದ ಬಂದ ನಾಲ್ವರು ಹೆಂಗಸರು ಗಡ್ಡಿಗೆ ದಾಟಲು ಹೊರಗೆ ನಿಂತಿದ್ದರಂತೆ. ದುರುಗಮ್ಮ ಮೂರು ಸಲ ಬಾಗಿಲಿಗೆ ಬಂದಳಂತೆ. ಎರಡು ಸಲ, ಮೇಡಮ್ಮಾರು ತಡಿ ಅಂದಾರೆ ಎಂದು ಹೇಳಿ ಕಳಿಸಿದನಂತೆ. ಮೂರನೆಯ ಸಲ ಅವಳು, ಶಾಲೆ ಬಿಡುವ ಹೊತ್ತಾಯಿತು, ನೀನು ಫೋನ್ ಹಿಡಿದುಕೊಂಡು ಕೂತಿರು ಭಾವ, ನಾನೇ ಹುಟ್ಟು ಹಾಕುತ್ತೇನೆ ಎಂದು ನಗುತ್ತಾ ಹೋದಳಂತೆ. ಬೇಡವೆಂದು ಕೈ ಮಾಡಿದನಂತೆ. ಕೂಗಿದನಂತೆ. ಫೋನಿನ ತಂತಿ ಬಾಗಿಲ ತನಕ ಮುಟ್ಟುತ್ತಿರಲಿಲ್ಲ.

ಹಿಂದಿನ ಕುರ್ಚಿಯಲ್ಲಿದ್ದ ಅವನ ತಮ್ಮ ಮುಖಕ್ಕೆ ಟವೆಲು ಒತ್ತಿಕೊಂಡಿದ್ದ. ವಿಚಾರಣಾಧಿಕಾರಿ ಕೊನೆಯ ಪ್ರಶ್ನೆಯನ್ನು ಮೆಲ್ಲಗೆ ಕೇಳಿದರು. ನಲವತ್ತ್ಮೂರು ನಿಮಿಷ ಯಾರೂ ಮಾತಾಡದ ಫೋನನ್ನು ಇಟ್ಟು ಹೊರಗೆ ಯಾಕೆ ಹೋಗಲಿಲ್ಲ?

ಹುಸೇನಪ್ಪನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವನು ತಿರುಗಿ ನನ್ನನ್ನು ನೋಡಿದ. ಆ ನೋಟದಲ್ಲಿ ದೂರು ಇರಲಿಲ್ಲ.

“ಇಡಬ್ಯಾಡ ಅಂದಿದ್ರಲ್ರಿ,” ಎಂದ.